ಸೈಕಲ್ಲಿನ ಕೊರಳು ಸವೆದಾಗ



ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಕಾಲೇಜುಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಹಳಗನ್ನಡ ಕಾವ್ಯವನ್ನೂ ವ್ಯಾಕರಣವನ್ನೂ ಬೋಧಿಸಿ ನಿವೃತ್ತನಾದವನೊಬ್ಬನು ಸೈಕಲ್ ರಿಪೇರಿಯ ಕುರಿತು ಮಾತನಾಡಲು ಹೊರಟರೆ ಅದು ಅಧಿಕಪ್ರಸಂಗವೆಂದು ತಮಗೆ ತೋರಬಹುದು. ನನಗೂ ಹಾಗೆಯೇ ತೋರುತ್ತಿತ್ತು. ಆದರೆ ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ನೆರೆಮನೆಯ ಹುಡುಗಿಯೊಬ್ಬಳು, ನಾನೇ ಸ್ಪ್ಯಾನರು ಹಿಡಿದು ‘ಸರಿಮಾಡಿ’ ಕೊಟ್ಟ ಸೈಕಲ್ಲಿನಿಂದ, ಹೆದ್ದಾರಿಯ ಅಂಚಿನಲ್ಲಿ ಬಿದ್ದಳು. ಆ ಹೊತ್ತಿಗೆ ಹಿಂದಿನಿಂದ ಲಾರಿ ಬರುತ್ತಿರಲಿಲ್ಲವೆಂಬುದು ಅವಳ ಪುಣ್ಯ, ನನ್ನದೂ ಹೌದು. ಅಲ್ಲಿಂದೀಚೆಗೆ ಸೈಕಲ್ಲಿನ ಒಂದೇ ಒಂದು ಅಂಗದ ವಿಷಯವಾಗಿ, ಯಾವ ಕಾವ್ಯದ ಪಾಠಾಂತರಕ್ಕೂ ತೋರಿಸದಿದ್ದ ಶ್ರದ್ಧೆಯನ್ನು ತೋರಿಸಿ, ನಾನು ವಿಚಾರಿಸುತ್ತ ಬಂದಿದ್ದೇನೆ. ತಿಳಿದದ್ದನ್ನು ತಮ್ಮ ಮುಂದೆ ಇಡುತ್ತೇನೆ.

ನನ್ನ ಮನೆ ಇರುವುದು ತಲ್ಲೂರಿನಲ್ಲಿ. ಹುಡುಗಿ ಒಂಬತ್ತನೆಯ ತರಗತಿಯವಳು. ಸೇತುವೆ ದಾಟಿ ಕುಂದಾಪುರದ ಹೈಸ್ಕೂಲಿಗೆ ಹೋಗಬೇಕು. ತಂದೆ, ನಮ್ಮ ಕಡೆಯ ಎಷ್ಟೋ ಜನರ ಹಾಗೆ, ಬೆಂಗಳೂರಿನ ಹೋಟೆಲೊಂದರಲ್ಲಿ ಇದ್ದಾನೆ. ಸೈಕಲ್ಲು ಮೊದಲಿಗೆ ಅವಳದಲ್ಲ, ಅವಳ ದೊಡ್ಡಮ್ಮನ ಮಗಳದು. ಕರ್ನಾಟಕ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು 2006-07ರಲ್ಲಿ ಆರಂಭಿಸಿತಷ್ಟೆ. ಕೋವಿಡ್ ಬಂದ ವರ್ಷಗಳಲ್ಲಿ ಅದು ನಿಂತುಹೋಯಿತು. ನಿಲ್ಲುವ ಮೊದಲು ಅಕ್ಕಂದಿರಿಗೆ ಸಿಕ್ಕಿದ ಸೈಕಲ್ಲುಗಳು ಹೀಗೆ ತಂಗಿಯರ ಕೈಯಲ್ಲಿ ಎರಡನೆಯ ಆಯುಷ್ಯವನ್ನು ಕಳೆಯುತ್ತಿವೆ. ಎರಡು ಮೂರು ವರ್ಷ ಕೊಟ್ಟಿಗೆಯ ಮಾಡಿನಡಿ ನಿಂತಿದ್ದ ಸೈಕಲ್ಲಿಗೆ ಹೊಸ ಟಯರು, ಹೊಸ ಟ್ಯೂಬು, ಚೈನಿಗೆ ಎಣ್ಣೆ, ಇಷ್ಟಾದ ಮೇಲೆ ಅದು ರಸ್ತೆಗೆ ಇಳಿಯಿತು.

ಇಳಿದ ವಾರದಲ್ಲಿಯೇ ಹುಡುಗಿಯ ದೂರು ಆರಂಭವಾಯಿತು. ‘‘ಅಜ್ಜ, ಸೈಕಲ್ ನಾ ಹೇಳದ್ ಕೇಣ್ತಿಲ್ಲೆ’’ ಎಂದಳು. ನೇರ ಹೋಗೆಂದರೆ ಹಾವಿನ ಹಾಗೆ ಹೋಗುತ್ತದೆ, ಎಡಕ್ಕೆ ಎಳೆದರೆ ಬೇಕಾದುದಕ್ಕಿಂತ ಹೆಚ್ಚು ಎಳೆಯುತ್ತದೆ, ಇದು ಅವಳ ವರದಿ. ಮನೆಯವರು ಇದಕ್ಕೆ ಕೊಟ್ಟ ವಿವರಣೆ ಸರಳವಾಗಿತ್ತು: ಹುಡುಗಿಗೆ ಬ್ಯಾಲೆನ್ಸ್ ಇಲ್ಲ, ಹೆದರಿಕೆ ಹೆಚ್ಚು. ನಾನೂ ಅದನ್ನೇ ನಂಬಿದೆ. ಅಷ್ಟೇ ಅಲ್ಲ, ಹ್ಯಾಂಡಲ್ಲನ್ನು ನೋಡಬೇಡ, ದೂರದ ರಸ್ತೆಯನ್ನು ನೋಡು ಎಂದು ಉಪದೇಶವನ್ನೂ ಮಾಡಿದೆ. ಮೇಷ್ಟರಿಗೆ ಇದೊಂದು ಹಳೆಯ ರೋಗ. ವಿದ್ಯಾರ್ಥಿ ತಪ್ಪಿದರೆ ಪಠ್ಯವನ್ನು ಪರೀಕ್ಷಿಸುವುದು ನಮ್ಮ ಅಭ್ಯಾಸವಲ್ಲ.

ಆಮೇಲೊಂದು ದಿನ ಅವಳು, ಬ್ರೇಕು ಹಿಡಿದಾಗ ಮುಂದುಗಡೆ ‘ಕಟಕ್’ ಎನ್ನುತ್ತದೆ ಎಂದಳು. ನೋಡಿದೆ. ಹ್ಯಾಂಡಲ್ಲಿನ ಬುಡ ಸಡಿಲವಾಗಿತ್ತು. ಸಡಿಲವಾದದ್ದನ್ನು ಬಿಗಿ ಮಾಡುವುದು ಲೋಕನ್ಯಾಯವಷ್ಟೆ. ದೊಡ್ಡ ಸ್ಪ್ಯಾನರು ತಂದು ಮೇಲಿನ ನಟ್ಟುಗಳನ್ನು ಶಕ್ತಿ ಇದ್ದಷ್ಟು ತಿರುಗಿಸಿದೆ. ಶಬ್ದ ನಿಂತಿತು. ಮರುದಿನ ಬೆಳಿಗ್ಗೆ ಅವಳು ಬಿದ್ದಳು. ಮೊಣಕೈ ಕಿತ್ತು ಬಂದಿತ್ತು, ಪುಸ್ತಕಗಳೆಲ್ಲ ನೀರಿನಲ್ಲಿ.

ಈಗ ಆ ‘ಹ್ಯಾಂಡಲ್ಲಿನ ಬುಡ’ವೆಂದರೆ ಏನೆಂದು ಸ್ವಲ್ಪ ನೋಡೋಣ. ಸೈಕಲ್ಲಿನ ಫ್ರೇಮಿನ ಮುಂತುದಿಯಲ್ಲಿ, ತುಸು ಹಿಂದಕ್ಕೆ ವಾಲಿ ನಿಂತ ಒಂದು ಗಿಡ್ಡ ಕೊಳವೆಯಿದೆ. ಕಂಪೆನಿಯ ಮುದ್ರೆಯ ತಗಡನ್ನು ಅದರ ಮೇಲೆಯೇ ಹೊಡೆದಿರುತ್ತಾರೆ. ಮುಂದಿನ ಚಕ್ರವನ್ನು ಎರಡು ಕಾಲುಗಳಿಂದ ಹಿಡಿದಿರುವ ಫೋರ್ಕಿನ ದಂಡ ಈ ಕೊಳವೆಯೊಳಗೆ ಕೆಳಗಿನಿಂದ ಹೊಕ್ಕು ಮೇಲೆ ಹೊರಬರುತ್ತದೆ; ಅದರ ನೆತ್ತಿಯೊಳಗೆ ಹ್ಯಾಂಡಲ್ಲು ಕೂರುತ್ತದೆ. ದಂಡ ಕೊಳವೆಯ ಗೋಡೆಗೆ ತಾಗುವುದೇ ಇಲ್ಲ. ಕೊಳವೆಯ ಮೇಲ್ತುದಿಯಲ್ಲೊಂದು, ಕೆಳತುದಿಯಲ್ಲೊಂದು ಹೀಗೆ ಎರಡು ಜಾಗಗಳಲ್ಲಿ ಉಕ್ಕಿನ ಸಣ್ಣ ಗುಂಡುಗಳ ಉಂಗುರದ ಮೇಲೆ ಅದು ತೇಲುತ್ತಿರುತ್ತದೆ. ಪ್ರತಿಯೊಂದು ಉಂಗುರಕ್ಕೂ ಎರಡು ಬಟ್ಟಲುಗಳು, ಒಂದು ನಿಂತದ್ದು, ಇನ್ನೊಂದು ತಿರುಗುವುದು. ಅಂಗಡಿಯವರು ಗುಂಡನ್ನು ಬಾಲ್ಸ್ ಎಂದೂ ಬಟ್ಟಲನ್ನು ಕಪ್ ಎಂದೂ ಇಡೀ ಜೋಡಣೆಯನ್ನು ಹೆಡ್ ಫಿಟ್ಟಿಂಗ್ ಎಂದೂ ಕರೆಯುತ್ತಾರೆ. ನಾನು ಕೊರಳು ಎನ್ನುತ್ತೇನೆ. ತಲೆಯನ್ನು ತಿರುಗಿಸುವುದೂ ಅದೇ, ಭಾರವನ್ನು ಹೊರುವುದೂ ಅದೇ.

ಈ ಗುಂಡುಗಳ ಉಪಾಯಕ್ಕೂ ಸೈಕಲ್ಲಿಗೂ ಇರುವ ನಂಟು ಹಳೆಯದು. ಫ್ರಾನ್ಸಿನ ಜೂಲ್ಸ್ ಸುರಿರೆ ಎಂಬವನು 1869ರಲ್ಲಿ ಸೈಕಲ್ಲಿನ ಗುಂಡು ಬೇರಿಂಗಿಗೆ ಹಕ್ಕುಪತ್ರ ಪಡೆದ. ಅದೇ ವರ್ಷ ನವೆಂಬರಿನಲ್ಲಿ ಪ್ಯಾರಿಸಿನಿಂದ ರೂಆನ್‌ವರೆಗೆ ನಡೆದ ಪಂದ್ಯವನ್ನು ಗೆದ್ದ ಜೇಮ್ಸ್ ಮೂರ್ ಏರಿದ್ದು ಆ ಬೇರಿಂಗಿನ ಸೈಕಲ್ಲನ್ನೇ. 1883ರಲ್ಲಿ ಜರ್ಮನಿಯ ಷ್ವೈನ್‌ಫುರ್ಟಿನ ಫ್ರೀಡ್‌ರಿಷ್ ಫಿಷರ್ ಗುಂಡುಗಳನ್ನು ಒಂದೇ ಅಳತೆಗೆ ಅರೆದು ದುಂಡಗೆ ಮಾಡುವ ಯಂತ್ರವನ್ನು ಕಟ್ಟಿದ. ಎಲ್ಲ ಗುಂಡುಗಳೂ ಒಂದೇ ಅಳತೆಯವಾಗಿರಬೇಕೆಂಬುದು ಈ ವಿದ್ಯೆಯ ಪ್ರಾಣ. ಇಪ್ಪತ್ತೈದು ಗುಂಡುಗಳಲ್ಲಿ ಒಂದು ಕೂದಲೆಳೆಯಷ್ಟು ದಪ್ಪವಿದ್ದರೂ ಭಾರವೆಲ್ಲ ಅದೊಂದರ ಮೇಲೆ ಬೀಳುತ್ತದೆ, ಉಳಿದವು ಸಮಾರಂಭದ ಅತಿಥಿಗಳಂತೆ ಸುಮ್ಮನೆ ಕುಳಿತಿರುತ್ತವೆ.

ಕುಂದಾಪುರ ಪೇಟೆಯಲ್ಲಿ ಹಳೆಯ ಸೈಕಲ್ ಅಂಗಡಿಯೊಂದಿದೆ. ಅಲ್ಲಿಯ ಮೇಸ್ತ್ರಿಗೆ ನನಗಿಂತ ನಾಲ್ಕಾರು ವರ್ಷ ಹೆಚ್ಚಾಗಿರಬೇಕು. ಬಿದ್ದ ಸೈಕಲ್ಲನ್ನು ನಾನು ಅಲ್ಲಿಗೆ ತಳ್ಳಿಕೊಂಡು ಹೋದೆ. ಅವರು ಅದನ್ನು ಏರಲಿಲ್ಲ, ನಟ್ಟಿಗೆ ಕೈಹಾಕಲಿಲ್ಲ. ಸೀಟಿನ ಮುಂದಿನ ದಂಡವನ್ನು ಹಿಡಿದು ಮುಂದಿನ ಚಕ್ರವನ್ನು ನೆಲದಿಂದ ಒಂದು ಗೇಣು ಎತ್ತಿದರು. ಹ್ಯಾಂಡಲ್ಲಿನ ತುದಿಯನ್ನು ಒಂದು ಬೆರಳಿನಿಂದ ಮೆಲ್ಲಗೆ ದೂಡಿದರು. ಚಕ್ರ ನೇರ ಮುಂದಕ್ಕೆ ಮುಖಮಾಡಿದಲ್ಲಿಂದ ಕದಲಲಿಲ್ಲ. ಇನ್ನೂ ತುಸು ದೂಡಿದಾಗ ಒಂದು ಹೊಸಿಲು ದಾಟಿದಂತೆ ತಟ್ಟನೆ ಎಡಕ್ಕೆ ಹಾರಿತು. ಹಿಂದಕ್ಕೆ ತಂದಾಗ ನಡುವಿಗೆ ಬಂದು ‘ಟಕ್’ ಎಂದು ಕೂತಿತು.

‘‘ಹ್ವಾಯ್ ಮಾಷ್ಟ್ರೆ, ಇದನ್ನ್ ಬಿಗಿ ಮಾಡದ್ದ್ ಯಾರ್?’’

ನಾನು ಒಪ್ಪಿಕೊಂಡೆ.

‘‘ಒಳ್ಗೆ ಗುಂಡಿ ಬಿದ್ದ್ ಹೋಯ್ತ್ ಕಾಣಿ. ಬಿಗಿ ಮಾಡ್ರೆ ಗುಂಡಿ ಮುಚ್ಚತ್ತಾ?’’

ರೋಗನಿದಾನವೆಂಬುದು ಇಷ್ಟೇ. ಆದರೂ ಇದರಲ್ಲಿ ಮೋಸ ಹೋಗುವ ಜಾಗಗಳಿವೆ, ಆದ್ದರಿಂದ ಕೊಂಚ ವಿವರವಾಗಿ ಹೇಳಬೇಕು. ಕೊರಳಿಗೆ ಬರುವ ಕಾಯಿಲೆ ಎರಡು. ಒಂದು ಸಡಿಲ, ಇನ್ನೊಂದು ಗುಂಡಿ. ಸಡಿಲವನ್ನು ಕಾಣಲು ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಬೇಕು. ಇನ್ನೊಂದು ಕೈಯ ಬೆರಳುಗಳನ್ನು ಕೊಳವೆಯೂ ಫೋರ್ಕೂ ಕೂಡುವ ಸಂದಿನ ಮೇಲೆ ಇಟ್ಟಿರಬೇಕು. ಸಂದು ಬಾಯಿ ತೆರೆದು ಮುಚ್ಚುವುದು ಬೆರಳಿಗೆ ತಿಳಿಯುತ್ತದೆ. ಬೆರಳಿಡದೆ ಕಿವಿಯನ್ನು ಮಾತ್ರ ನಂಬಿದರೆ ಕೆಟ್ಟಿರಿ, ಏಕೆಂದರೆ ಬ್ರೇಕಿನ ಕಟ್ಟೆ ಸಡಿಲವಿದ್ದರೂ ಚಕ್ರದ ಗುಂಬದ ಕೋನು ಸಡಿಲವಿದ್ದರೂ ಅದೇ ‘ಕಟಕ್’ ಕೇಳಿಸುತ್ತದೆ. ಹಳೆಯ ಕಾಲದ, ಕಂಬಿಯ ಬ್ರೇಕಿನ ಸೈಕಲ್ಲುಗಳಲ್ಲಂತೂ ಈ ಗೊಂದಲ ಹೆಚ್ಚು. ಬ್ರೇಕಿನ ಕಂಬಿಗಳ ಕೀಲುಗಳೆಲ್ಲ ಒಂದೊಂದು ತಾಳ ಹಾಕುತ್ತವೆ. ಅನುಮಾನವಿದ್ದರೆ ಹ್ಯಾಂಡಲ್ಲನ್ನು ಪೂರ್ತಿ ಒಂದು ಮಗ್ಗುಲಿಗೆ ತಿರುಗಿಸಿ, ಚಕ್ರ ಅಡ್ಡವಾಗಿ ನಿಂತಿರುವಾಗ, ಬ್ರೇಕು ಹಿಡಿಯದೆ ಸೈಕಲ್ಲನ್ನು ಮುಂದಕ್ಕೂ ಹಿಂದಕ್ಕೂ ದೂಡಿ ನೋಡಬೇಕು. ಆಗಲೂ ಬೆರಳಿನ ಕೆಳಗೆ ಸಂದು ಅಲುಗಿದರೆ ತಪ್ಪು ಕೊರಳಿನದೇ.

ಗುಂಡಿಯನ್ನು ಕಾಣುವ ಕ್ರಮ ಮೇಸ್ತ್ರಿ ಮಾಡಿದ್ದು: ಚಕ್ರವನ್ನೆತ್ತಿ ಒಂದೇ ಬೆರಳಿನಿಂದ, ಬಹಳ ಮೆಲ್ಲಗೆ ತಿರುಗಿಸುವುದು. ಆರೋಗ್ಯವಂತ ಕೊರಳು ಎಣ್ಣೆಯಲ್ಲಿ ಅದ್ದಿದಂತೆ ತಿರುಗುತ್ತದೆ. ಸೈಕಲ್ಲನ್ನು ತುಸು ಎಡಕ್ಕೆ ವಾಲಿಸಿದರೆ ಚಕ್ರ ತಾನಾಗಿ ಎಡಕ್ಕೆ ಬೀಳುತ್ತದೆ, ಬಲಕ್ಕೆ ವಾಲಿಸಿದರೆ ಬಲಕ್ಕೆ. ಮರಳು ಅರೆದಂತೆ ಕರಕರ ಎಂದರೆ ಗ್ರೀಸು ಒಣಗಿ ತುಕ್ಕು ಸೇರಿದೆ ಎಂದರ್ಥ. ಇದು ತೊಳೆದು ಗ್ರೀಸು ಹಚ್ಚಿದರೆ ಒಮ್ಮೊಮ್ಮೆ ಸರಿಯಾಗುವುದೂ ಉಂಟು. ನಡುವಿನಲ್ಲಿ ಮಾತ್ರ ಹಿಡಿದು ಎರಡೂ ಕಡೆ ಹಗುರವಾಗಿ ತಿರುಗಿದರೆ ಬಟ್ಟಲುಗಳಲ್ಲಿ ಗುಂಡಿ ಬಿದ್ದಿದೆ. ಅದಕ್ಕೆ ಗ್ರೀಸಿನ ಮದ್ದು ನಾಟುವುದಿಲ್ಲ.

ನಡುವಿನಲ್ಲಿಯೇ ಏಕೆ? ಇದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. ಮೇಲ್ನೋಟಕ್ಕೆ ತೋಚುವ ಉತ್ತರ, ಹೊಂಡಕ್ಕೆ ಚಕ್ರ ಬಿದ್ದಾಗ ಗುಂಡುಗಳು ಸುತ್ತಿಗೆಯಂತೆ ಬಟ್ಟಲನ್ನು ಹೊಡೆದು ಕುಳಿ ಮಾಡುತ್ತವೆ ಎಂಬುದು. ನಮ್ಮ ರಸ್ತೆಗಳನ್ನು ಬಲ್ಲವರಿಗೆ ಇದು ನಂಬತಕ್ಕ ಮಾತೇ. ಗಟ್ಟಿ ಗುಂಡನ್ನು ಲೋಹದ ಮೇಲೆ ಒತ್ತಿ, ಬಿದ್ದ ಕುಳಿಯನ್ನು ಅಳೆದು ಲೋಹದ ಕಾಠಿಣ್ಯವನ್ನು ಹೇಳುವ ಪರೀಕ್ಷೆಯನ್ನು 1900ರಲ್ಲಿ ಲೋಕದ ಮುಂದಿಟ್ಟವನು ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್. ಆ ಕಾರಣದಿಂದ ಬೇರಿಂಗಿನ ಇಂಥ ಕುಳಿಗಳನ್ನೂ ಇಂಜಿನಿಯರುಗಳು ಅವನ ಹೆಸರಿನಿಂದಲೇ ಕರೆಯುತ್ತ ಬಂದರು. ಆದರೆ ಕೊರಳಿನ ಕುಳಿಗಳು ಹೆಚ್ಚಿನವು ಆ ಜಾತಿಯವಲ್ಲ. ಅಮೆರಿಕದ ಜನರಲ್ ಮೋಟರ್ಸಿನ ಜಾನ್ ಆಲ್ಮೆನ್ ಎಂಬ ಇಂಜಿನಿಯರು 1937ರಲ್ಲಿ ಒಂದು ಲೇಖನ ಬರೆದ. ಡೆಟ್ರಾಯಿಟಿನಿಂದ ರೈಲಿನಲ್ಲಿ ದೂರದ ಊರುಗಳಿಗೆ ಹೋದ ಹೊಸ ಕಾರುಗಳ ಚಕ್ರದ ಬೇರಿಂಗುಗಳು, ಒಂದು ಮೈಲಿಯೂ ಓಡದೆಯೇ, ಕುಳಿಬಿದ್ದು ಇಳಿಯುತ್ತಿದ್ದವು. ಓಡದ ಚಕ್ರಕ್ಕೆ ಸವೆತವೇ? ಕಾರಣ ಓಡದಿರುವುದೇ ಆಗಿತ್ತು. ರೈಲಿನ ಅಲುಗಾಟದಲ್ಲಿ ಗುಂಡುಗಳು ಉರುಳದೆ, ನಿಂತಲ್ಲೇ ನಿಂತು, ಕಣ್ಣಿಗೆ ಕಾಣದಷ್ಟು ಹಿಂದೆ ಮುಂದೆ ಮಿಡುಕುತ್ತಿದ್ದವು. ಆ ಮಿಡುಕಾಟದಿಂದ ಗುಂಡಿನ ಅಡಿಯ ಗ್ರೀಸು ಪಕ್ಕಕ್ಕೆ ಸರಿಯುತ್ತದೆ. ಉರುಳಿದರೆ ತಾನೆ ಹೊಸ ಗ್ರೀಸು ಅಡಿಗೆ ಬರುವುದು? ಲೋಹ ಲೋಹವನ್ನು ತಿಕ್ಕಿ, ಕೆಂಪು ಹುಡಿಯಾಗಿ ಉದುರಿ, ಕುಳಿ ಏಳುತ್ತದೆ. ಇದು ಹೊಡೆತದ ಕುಳಿಯಲ್ಲ, ಸವೆತದ ಕುಳಿ.

ಸೈಕಲ್ಲಿನ ಕೊರಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಚಕ್ರದ ಗುಂಡುಗಳು ದಿನವಿಡೀ ಉರುಳುತ್ತವೆ, ಕೊರಳಿನವು ಉರುಳುವುದಿಲ್ಲ. ಹೆಮ್ಮಾಡಿಯಿಂದ ಬೈಂದೂರಿನವರೆಗೆ ಹೋಗಿ ಬಂದರೆ ಹ್ಯಾಂಡಲ್ಲು ಎಷ್ಟು ತಿರುಗೀತು? ಮರವಂತೆಯಲ್ಲಿ, ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ಗೆರೆ ಎಳೆದಂಥ ಹೆದ್ದಾರಿ. ಅಲ್ಲಿ ಸವಾರನು ಹ್ಯಾಂಡಲ್ಲನ್ನು ಒಂದೆರಡು ಡಿಗ್ರಿಯಷ್ಟೂ ತಿರುಗಿಸುವುದಿಲ್ಲ. ಆದರೆ ರಸ್ತೆಯ ಪ್ರತಿಯೊಂದು ಕುಲುಕಿಗೂ ಫೋರ್ಕು ತುಸು ಬಾಗಿ ನೆಟ್ಟಗಾಗುತ್ತದೆ, ಗುಂಡುಗಳು ನಿಂತಲ್ಲೇ ಮಿಡುಕುತ್ತವೆ. ಕೆಳಗಿನ ಬಟ್ಟಲಿಗೆ ಭಾರವೂ ಹೆಚ್ಚು, ಚಕ್ರ ಎರಚುವ ನೀರೂ ಕೆಸರೂ ಹೆಚ್ಚು. ಕೆಟ್ಟರೆ ಮೊದಲು ಕೆಡುವುದು ಅದು. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಗಾಳಿಯಲ್ಲಿಯೇ ಉಪ್ಪಿರುವ ಊರು ನಮ್ಮದು. ಗ್ರೀಸು ಸರಿದ ಜಾಗಕ್ಕೆ ತುಕ್ಕು ಕಾದುಕೊಂಡಿರುತ್ತದೆ. ನಾನು ಹೊಸದಾಗಿ ಉಪನ್ಯಾಸಕನಾಗಿದ್ದ ಕಾಲದಲ್ಲಿ ಗಂಗೊಳ್ಳಿಗೆ ಹೋಗಬೇಕಾದರೆ ಸೈಕಲ್ಲನ್ನು ದೋಣಿಯಲ್ಲಿ ಅಡ್ಡ ಮಲಗಿಸಿ ಹೊಳೆ ದಾಟಿಸುತ್ತಿದ್ದೆ. ಉಪ್ಪುನೀರಿನ ಹನಿಗಳು ಎಲ್ಲೆಲ್ಲಿ ಹೊಕ್ಕುವೋ ಎಂದು ಈಗ ಯೋಚನೆ ಬರುತ್ತದೆ. ಆಗ ಸಂಜೆಯ ಬೆಳಕು ನೋಡುವುದರಲ್ಲಿಯೇ ದಾರಿ ಕಳೆಯುತ್ತಿತ್ತು.

ಹೆಚ್ಚು ನಡೆದಾಡಿದ ಜಾಗದಲ್ಲಿಯೇ ಹೆಚ್ಚು ಏರುಪೇರು ಎಂಬುದು ವ್ಯಾಕರಣದ ಮೇಷ್ಟರಿಗೆ ಹೊಸ ಮಾತಲ್ಲ. ದಿನಬಳಕೆಯ ಕ್ರಿಯಾಪದಗಳನ್ನೇ ನೋಡಿ: ಬರು, ತರು, ಕೊಡು, ಬೀಳು, ಏಳು. ಭೂತಕಾಲಕ್ಕೆ ಬಂದೊಡನೆ ಬಂದ, ತಂದ, ಕೊಟ್ಟ, ಬಿದ್ದ, ಎದ್ದ ಎಂದು ಒಂದೊಂದೂ ಒಂದೊಂದು ದಾರಿ ಹಿಡಿಯುತ್ತವೆ. ‘ಮಾಡು’ ಎಂಬುದು ಮಾತ್ರ ಇಷ್ಟು ದುಡಿದೂ ಜಗ್ಗದೆ ನಿಂತಿದೆ. ಭಾಷೆಯಲ್ಲಿ ಸವೆತವೆಂಬುದು ಒಂದು ರೂಪಕ ಮಾತ್ರ, ಅಲ್ಲಿಯ ಕಾರಣಗಳು ಬೇರೆ. ಉಕ್ಕಿನಲ್ಲಿ ಅದು ನಿಜ. ಇರಲಿ.

ಹುಡುಗಿಯ ದೂರಿಗೆ ಮರಳೋಣ. ‘ಹೇಳಿದ್ದು ಕೇಳುವುದಿಲ್ಲ’ ಎಂದು ಅವಳು ಆಡಿದ ಮಾತು ಅಕ್ಷರಶಃ ಸರಿಯಾಗಿತ್ತು. ಸೈಕಲ್ಲು ಬೀಳದೆ ನಿಲ್ಲುವುದು ಹೇಗೆಂಬುದು ಸುಲಭದ ಪ್ರಶ್ನೆಯಲ್ಲ. ತಿರುಗುವ ಚಕ್ರದ ಬುಗುರಿಯಂಥ ಗುಣದಿಂದ ಎಂದು ಕೆಲವರು, ಫೋರ್ಕಿನ ಓರೆಯಿಂದ ಎಂದು ಕೆಲವರು ಹೇಳುತ್ತಿದ್ದರು. 2011ರಲ್ಲಿ ಹಾಲೆಂಡ್ ಮತ್ತು ಅಮೆರಿಕದ ಐವರು ವಿದ್ವಾಂಸರು ಈ ಎರಡೂ ಗುಣಗಳನ್ನು ಕಳೆದ ಒಂದು ವಿಚಿತ್ರ ಸೈಕಲ್ಲನ್ನು ಕಟ್ಟಿ, ಅದೂ ಸವಾರನಿಲ್ಲದೆ ತಾನಾಗಿ ನೆಟ್ಟಗೆ ಓಡಬಲ್ಲುದೆಂದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೇಕಾದದ್ದು ಒಂದೇ: ಸೈಕಲ್ಲು ಯಾವ ಕಡೆಗೆ ವಾಲುವುದೋ ಆ ಕಡೆಗೆ ಮುಂಚಕ್ರ ತಕ್ಕಷ್ಟು ತಿರುಗಬೇಕು. ಅಂದರೆ ನಾವು ನೇರ ಹೋಗುತ್ತಿದ್ದೇವೆಂದು ತಿಳಿದಿರುವಾಗಲೂ ನಮ್ಮ ಕೈಗಳು ನಮಗರಿಯದಂತೆ ಕ್ಷಣಕ್ಷಣವೂ ಕೂದಲೆಳೆಯಷ್ಟು ಎಡ, ಕೂದಲೆಳೆಯಷ್ಟು ಬಲ ತಿದ್ದುತ್ತಲೇ ಇರುತ್ತವೆ. ಕುಳಿಯಲ್ಲಿ ಕೂತ ಗುಂಡುಗಳು ಆ ಸಣ್ಣ ತಿದ್ದುಪಡಿಯನ್ನು ತಡೆಯುತ್ತವೆ. ತುಸು ಹೆಚ್ಚು ಬಲ ಹಾಕಿದರೆ ಕುಳಿಯಿಂದ ಒಮ್ಮೆಲೇ ಹಾರಿ, ಬೇಕಾದುದಕ್ಕಿಂತ ಹೆಚ್ಚು ತಿರುಗುತ್ತವೆ. ಆ ಕಡೆಯದನ್ನು ತಿದ್ದಲು ಈ ಕಡೆ ಎಳೆಯಬೇಕು. ಮತ್ತೆ ಅದೇ ಕಥೆ. ಹಾವಿನ ನಡಿಗೆ ಎಂದರೆ ಇದು. ಹುಡುಗಿಗೆ ಬ್ಯಾಲೆನ್ಸ್ ಇತ್ತು. ಅದನ್ನು ಚಕ್ರಕ್ಕೆ ತಲಪಿಸುವ ಕೊರಳು ಇರಲಿಲ್ಲ. ಇನ್ನು ನಾನು ಮಾಡಿದ ಘನಕಾರ್ಯ: ಕುಳಿಬಿದ್ದ ಬಟ್ಟಲುಗಳನ್ನು ಬಿಗಿಮಾಡಿದರೆ ಗುಂಡುಗಳು ಕುಳಿಗೆ ಇನ್ನಷ್ಟು ಒತ್ತಿ ಕೂರುತ್ತವೆ, ಕುಳಿಯ ದಡ ಹತ್ತುವುದು ಇನ್ನಷ್ಟು ಕಷ್ಟವಾಗುತ್ತದೆ. ‘ಕಟಕ್’ ಎಂಬ ಶಬ್ದ ನಿಂತದ್ದೇ ನನಗೆ ಗುಣವಾದ ಲಕ್ಷಣವಾಗಿ ಕಂಡಿತ್ತು.

ಅಂಗಡಿಯ ಜಗಲಿಯಲ್ಲಿ ಕೂತು ಆ ಕೆಲಸವನ್ನು ಆದ್ಯಂತ ನೋಡಿದೆ. ಮನೆಯಲ್ಲಿ ಮಾಡಲು ಸಾಧ್ಯವಿಲ್ಲದ್ದೇನೂ ಅದರಲ್ಲಿ ಇಲ್ಲ, ತಾಳ್ಮೆ ಬೇಕು. ಮೊದಲು ಮುಂಚಕ್ರವನ್ನು ಬಿಚ್ಚಿದರು, ಬ್ರೇಕಿನ ತಂತಿಯನ್ನು ಕಳಚಿದರು. ಹ್ಯಾಂಡಲ್ಲಿನ ನೆತ್ತಿಯ ಬೋಲ್ಟನ್ನು ನಾಲ್ಕೈದು ಸುತ್ತು ಮಾತ್ರ ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡನ್ನಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರು. ಒಳಗೆ ಆ ಬೋಲ್ಟಿನ ತುದಿಯಲ್ಲಿ ಒಂದು ಬೆಣೆ ಇದೆ. ಅದು ಕೆಳಕ್ಕೆ ಜಾರಿದರೆ ಹ್ಯಾಂಡಲ್ಲು ಸಲೀಸಾಗಿ ಮೇಲೆ ಬರುತ್ತದೆ. ಬೋಲ್ಟನ್ನು ಪೂರ್ತಿ ತೆಗೆದು ಆಮೇಲೆ ಹ್ಯಾಂಡಲ್ಲನ್ನು ಎಳೆದಾಡುವುದು ನನ್ನಂಥವರು ಮಾಡುವ ತಪ್ಪು. ಬಳಿಕ ಮೇಲಿನ ಬೀಗದ ನಟ್ಟು, ಅದರ ಕೆಳಗಿನ ವಾಷರು. ನಟ್ಟನ್ನು ಎಡಕ್ಕೆ ತಿರುಗಿಸಿದರೆ ಬಿಡುಗಡೆ.

ಇನ್ನು ಗುಂಡುಗಳು. ನೆಲಕ್ಕೆ ಹಳೆಯ ಬಟ್ಟೆ ಹಾಸಿಯೇ ಮೇಲಿನ ಬಟ್ಟಲನ್ನು ಬಿಚ್ಚಬೇಕು. ಇಲ್ಲವಾದರೆ ಗುಂಡುಗಳು ಚರಂಡಿಯವರೆಗೂ ಓಡುತ್ತವೆ, ಅವುಗಳ ಹಿಂದೆ ನಾವೂ. ಒಂದು ಕೈಯಲ್ಲಿ ಫೋರ್ಕನ್ನು ಮೇಲಕ್ಕೆ ಒತ್ತಿ ಹಿಡಿದಿರಬೇಕು. ಮೇಲಿನ ಗುಂಡುಗಳನ್ನು ಒಂದು ಡಬ್ಬಿಗೆ, ಕೆಳಗಿನವನ್ನು ಇನ್ನೊಂದಕ್ಕೆ ಹಾಕಿ ಎಣಿಸಬೇಕು. ಹಳೆಯ ಇಂಗ್ಲಿಷ್ ಮಾದರಿಯ ಸೈಕಲ್ಲುಗಳಲ್ಲಿ ಕೊರಳಿನ ಗುಂಡಿನ ಅಳತೆ ಸಾಮಾನ್ಯವಾಗಿ ಅಂಗುಲವನ್ನು 32 ಪಾಲು ಮಾಡಿದರೆ ಅದರಲ್ಲಿ 5 ಪಾಲು, ಎಂದರೆ ಹೆಚ್ಚುಕಡಿಮೆ 4 ಮಿಲಿಮೀಟರು. ಆದರೂ ಅಳತೆಯನ್ನು ಬಾಯಲ್ಲಿ ಹೇಳುವ ಬದಲು ಹಳೆಯ ಗುಂಡೊಂದನ್ನೂ ಬಟ್ಟಲುಗಳನ್ನೂ ಅಂಗಡಿಗೆ ಒಯ್ಯುವುದೇ ಜಾಣತನ. ಈ ಹುಡುಗಿಯ ಸೈಕಲ್ಲಿನಲ್ಲಿ ಗುಂಡುಗಳು ಬಿಡಿಬಿಡಿಯಾಗಿರಲಿಲ್ಲ. ತಗಡಿನ ಒಂದು ಬಳೆಯಲ್ಲಿ ಪೋಣಿಸಿಕೊಂಡಿದ್ದವು. ಆ ಬಳೆಗೆ ಮೇಲು ಕೆಳಗೆಂಬುದುಂಟು. ಗುಂಡು ಬಟ್ಟಲಿಗೆ ತಾಗಬೇಕು, ಬಳೆಯ ತಗಡು ಯಾವುದಕ್ಕೂ ತಾಗಬಾರದು. ಮಗುಚಿ ಹಾಕಿದರೆ ತಿರುಗಿದಾಗಲೆಲ್ಲ ಅರೆಯುತ್ತದೆ.

ಮೇಸ್ತ್ರಿ ಕೆಳಗಿನ ಬಟ್ಟಲನ್ನು ಡೀಸೆಲಿನಲ್ಲಿ ತೊಳೆದು ನನ್ನ ಕೈಗೆ ಕೊಟ್ಟು, ಉಗುರಿನಿಂದ ಒಳಗೆರೆಯನ್ನು ಸವರಿ ನೋಡಲು ಹೇಳಿದರು. ಉಗುರು ಎಡವುತ್ತ ಹೋಯಿತು. ಗುಂಡಿಗೊಂದರಂತೆ ಕುಳಿಗಳು, ಸಮಾನ ಅಂತರದಲ್ಲಿ, ಚೆನ್ನೆಮಣೆಯ ಮನೆಗಳ ಹಾಗೆ. ಮುಂದಕ್ಕೂ ಹಿಂದಕ್ಕೂ ಇರುವ ಕುಳಿಗಳು ಆಳ, ಮಗ್ಗುಲಿನವು ತೇಲು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇಂಥ ಸಂದರ್ಭದಲ್ಲಿ ಗುಂಡುಗಳನ್ನು ಮಾತ್ರ ಬದಲಿಸಿ ಕಳುಹಿಸುವ ಪದ್ಧತಿ ಅಲ್ಲಲ್ಲಿ ಇದೆ. ಅದರಿಂದ ಪ್ರಯೋಜನವಿಲ್ಲ. ಹೊಸ ಗುಂಡುಗಳು ಹಳೆಯ ಕುಳಿಗಳಲ್ಲಿಯೇ ಕೂರುತ್ತವೆ. ಬದಲಿಸಬೇಕಾದದ್ದು ಬಟ್ಟಲುಗಳನ್ನು, ಅವುಗಳೊಂದಿಗೆ ಗುಂಡುಗಳನ್ನು. ಬಟ್ಟಲು ಸಿಗದ ಕಾಲಕ್ಕೆ ಮೇಸ್ತ್ರಿಗಳು ಮಾಡುವ ಒಂದು ಚಮತ್ಕಾರವನ್ನು ಮಾತ್ರ ಮೆಚ್ಚಲೇಬೇಕು: ಬಳೆಯನ್ನು ಕಿತ್ತೆಸೆದು ಅದೇ ಅಳತೆಯ ಬಿಡಿಗುಂಡುಗಳನ್ನು ತುಂಬಿಸುವುದು. ಆಗ ಗುಂಡುಗಳ ಸಂಖ್ಯೆ ಹೆಚ್ಚಾಗಿ ಅವುಗಳ ನಡುವಿನ ಅಂತರ ಬದಲಾಗುತ್ತದೆ. ಎಲ್ಲ ಗುಂಡುಗಳೂ ಒಂದೇ ಕ್ಷಣಕ್ಕೆ ಎಲ್ಲ ಕುಳಿಗಳಲ್ಲಿ ಕೂರುವ ಹಾಗಿಲ್ಲ. ಕೆಲವು ತಿಂಗಳು ಹಾಗೆ ದೂಡಬಹುದು. ಮಗು ಹತ್ತುವ ಸೈಕಲ್ಲಿಗೆ ಅದು ಬೇಡವೆಂದು ನಾನೂ ಅವರೂ ಒಪ್ಪಿದೆವು. ಹೊಸ ಹೆಡ್ ಫಿಟ್ಟಿಂಗಿನ ಬೆಲೆ ಪೇಟೆಯ ಒಂದು ಮೀನೂಟದ ಆಸುಪಾಸು.

ಕೊಳವೆಗೆ ಬಿಗಿದು ಕೂತ ಹಳೆಯ ಬಟ್ಟಲುಗಳನ್ನು ತೆಗೆಯಲು ಎದುರು ತುದಿಯಿಂದ ಉದ್ದದ ಕಬ್ಬಿಣದ ಸಲಾಕೆಯನ್ನು ತೂರಿಸಿ, ಬಟ್ಟಲಿನ ಅಂಚಿಗೆ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಮೆಲ್ಲಗೆ ಬಡಿದರು. ಒಂದೇ ಕಡೆ ಬಡಿದರೆ ಬಟ್ಟಲು ಓರೆಯಾಗಿ ಕೊಳವೆಯ ಬಾಯನ್ನೇ ಕೆಡಿಸುತ್ತದೆ. ಫೋರ್ಕಿನ ಬುಡದಲ್ಲಿ ಕೂತಿದ್ದ ಉಂಗುರವನ್ನು ಸುತ್ತಲೂ ತಟ್ಟಿ ಬಿಡಿಸಿದರು. ಕೂರುವ ಜಾಗಗಳನ್ನೆಲ್ಲ ಚಿಂದಿಯಿಂದ ಒರಸಿ ತುಸು ಗ್ರೀಸು ಸವರಿದರು. ಹೊಸ ಬಟ್ಟಲುಗಳನ್ನು ಕೂರಿಸುವುದಕ್ಕೆ ಮಾತ್ರ ಸುತ್ತಿಗೆ ಹಿಡಿಯಲಿಲ್ಲ. ಉದ್ದದ ಮರೆಯ ಸಲಾಕೆಯೊಂದಕ್ಕೆ ಎರಡೂ ಕಡೆ ದಪ್ಪ ತಗಡು, ತಗಡಿನ ಹೊರಗೆ ನಟ್ಟು. ನಟ್ಟನ್ನು ತಿರುಗಿಸಿದಂತೆ ಎರಡು ಬಟ್ಟಲುಗಳೂ ಓರೆಯಾಗದೆ ಕೊಳವೆಯೊಳಕ್ಕೆ ಇಳಿದವು. ಅದು ಅವರೇ ಮಾಡಿಕೊಂಡ ಉಪಕರಣ. ಅದಿಲ್ಲದವರು ಮರದ ಹಲಗೆ ಇಟ್ಟು ಬಡಿಯುತ್ತಾರೆ, ಕಣ್ಣು ನೇರವಿದ್ದರೆ ಅದೂ ಸಲ್ಲುತ್ತದೆ.

ಗುಂಡುಗಳಿಗೆ ಬಟ್ಟಲು ತುಂಬ ಗ್ರೀಸು. ಬಿಡಿಗುಂಡಾದರೆ ಆ ಗ್ರೀಸಿನಲ್ಲಿಯೇ ಅಂಟಿಕೊಂಡು ನಿಲ್ಲುತ್ತವೆ. ಹಿಡಿಸುವಷ್ಟೂ ತುಂಬಿ ಒಂದನ್ನು ಹಿಂದಕ್ಕೆ ತೆಗೆಯಬೇಕು, ಉರುಳಲು ಎಡೆ ಬೇಕಷ್ಟೆ. ಹಳೆಯ ಗುಂಡಿನೊಂದಿಗೆ ಹೊಸತನ್ನು ಕಲಸಬಾರದೆಂದು ಬೇರೆ ಹೇಳಬೇಕಾಗಿಲ್ಲ. ಫೋರ್ಕನ್ನು ಕೆಳಗಿನಿಂದ ತೂರಿಸಿ ಮೇಲಿನ ಬಟ್ಟಲನ್ನು ಬರಿಗೈಯಿಂದಲೇ ತಿರುಗಿಸಿ ಕೂರಿಸಿದರು. ಸ್ಪ್ಯಾನರು ಬಂದದ್ದು ಕೊನೆಗೆ, ಬೀಗದ ನಟ್ಟಿಗೆ. ಅದನ್ನು ಬಿಗಿಯುವಾಗ ಕೆಳಗಿನ ಬಟ್ಟಲು ತಾನೂ ತಿರುಗಲು ನೋಡುತ್ತದೆ. ಅದನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದಿರಬೇಕು. ಅಲುಗಬಾರದು, ತಡೆಯಲೂ ಬಾರದು. ಈ ಎರಡರ ನಡುವಿನ ಜಾಗ ನಟ್ಟಿನ ಅರೆಕಾಲು ಸುತ್ತಿಗಿಂತ ಕಡಿಮೆ. ಮೇಸ್ತ್ರಿ ಮೂರು ಸಲ ಬಿಚ್ಚಿ ಮೂರು ಸಲ ಬಿಗಿದರು. ಕೊನೆಗೆ ಚಕ್ರ ಹಾಕಿ, ಎತ್ತಿ ಹಿಡಿದು ಸೈಕಲ್ಲನ್ನು ಸ್ವಲ್ಪ ವಾಲಿಸಿದಾಗ ಚಕ್ರ ತಾನಾಗಿ ತಿರುಗಿ ಬಿತ್ತು. ಅಷ್ಟಾದರೂ, ಹೊಸ ಬಟ್ಟಲು ಎಂಟು ದಿನದಲ್ಲಿ ಇನ್ನಷ್ಟು ಕೂರುತ್ತದೆ, ಆಗ ತುಸು ಸಡಿಲವಾಗುತ್ತದೆ, ಮತ್ತೊಮ್ಮೆ ನೋಡಿಕೊಳ್ಳಿ ಎಂದರು.

ಹುಡುಗಿ ಮರುದಿನ ಶಾಲೆಗೆ ಹೋಗಿ ಬಂದಳು. ಬಂದವಳು ಏನೂ ಹೇಳಲಿಲ್ಲ. ಹೇಳುವಂಥದ್ದೇನೂ ಇರಲಿಲ್ಲವೆಂದು ನಾನು ತಿಳಿದುಕೊಂಡೆ. ಅವಳ ತಾಯಿಗೂ ಅಜ್ಜನಿಗೂ ನಾನೇ ಹೋಗಿ, ತಪ್ಪು ಯಾರದಿತ್ತೆಂದು ಹೇಳಿ ಬಂದೆ. ಎಂಟನೆಯ ದಿನ ಸೈಕಲ್ಲನ್ನು ನಮ್ಮ ಅಂಗಳಕ್ಕೆ ತಂದಾಗ ಮಾತ್ರ ಪರೀಕ್ಷೆಯನ್ನು ಅವಳೇ ಮಾಡುತ್ತೇನೆಂದಳು. ಮುಂದಿನ ಬ್ರೇಕು ಹಿಡಿದು, ಸಂದಿನ ಮೇಲೆ ಬೆರಳಿಟ್ಟು, ಅಲುಗಿಸಿ, ತುಸು ಸಡಿಲವಾಗಿದೆ ಎಂದಳು. ಹೌದು, ಆಗಿತ್ತು. ಸರಿಮಾಡಿದೆವು. ಆಮೇಲೆ ಅವಳು ಪಡಸಾಲೆಯಲ್ಲಿ ನಿಂತಿದ್ದ ನನ್ನ ಹರ್ಕ್ಯುಲಿಸಿನ ಬಳಿಗೆ ಹೋಗಿ ಅದರ ಮುಂಚಕ್ರವನ್ನೂ ಎತ್ತಲು ನೋಡಿದಳು. ಭಾರದ ಸೈಕಲ್ಲು, ನಾನು ಎತ್ತಿಕೊಟ್ಟೆ. ಒಂದು ಬೆರಳಿನಿಂದ ಹ್ಯಾಂಡಲ್ಲನ್ನು ದೂಡಿದಳು.

‘‘ಅಜ್ಜ, ನಿಮ್ದೂ ಹೋಯ್ತಲೆ!’’

ನಾನು ಆ ಸೈಕಲ್ಲನ್ನು ಕೊಂಡದ್ದು 1984ರಲ್ಲಿ. ಕೊರಳು ಯಾವ ವರ್ಷ ಹಿಡಿಯತೊಡಗಿತೋ ತಿಳಿಯದು, ಏಕೆಂದರೆ ಸವೆತ ಒಂದೇ ದಿನ ಬರುವುದಿಲ್ಲ. ದಿನಕ್ಕೆ ಒಂದಿಷ್ಟರಂತೆ ಅದು ಕೆಟ್ಟ ಹಾಗೆ ನನ್ನ ಕೈಯೂ ದಿನಕ್ಕೆ ಒಂದಿಷ್ಟರಂತೆ ಅದಕ್ಕೆ ಹೊಂದಿಕೊಂಡಿತ್ತು. ಇನ್ನೊಬ್ಬರ ಸೈಕಲ್ಲು ಹತ್ತಿದವರಿಗೆ, ಅಥವಾ ಕೊಟ್ಟಿಗೆಯಿಂದ ಇಳಿದ ಸೈಕಲ್ಲು ಸಿಕ್ಕವರಿಗೆ ಒಂದೇ ದಿನದಲ್ಲಿ ತಿಳಿಯುವುದು ಯಜಮಾನನಿಗೆ ವರ್ಷಗಟ್ಟಲೆ ತಿಳಿಯದು.

ಮುಂದಿನ ಭಾನುವಾರ ಅದನ್ನು ಬಿಚ್ಚಿದೆವು. ಕಂಬಿಯ ಬ್ರೇಕಿನ ಸೈಕಲ್ಲಾದುದರಿಂದ ಹ್ಯಾಂಡಲ್ಲನ್ನು ಎತ್ತುವ ಮೊದಲು ಬ್ರೇಕಿನ ಉದ್ದಕಂಬಿಯನ್ನು ಅದರ ಕೀಲಿನಲ್ಲಿ ಕಳಚಬೇಕಾಯಿತು. ದೀಪ ಸಿಕ್ಕಿಸುವ ತಗಡು ಬೀಗದ ನಟ್ಟಿನ ಅಡಿಯಲ್ಲಿ ತುಕ್ಕು ಹಿಡಿದು ಬಟ್ಟಲಿಗೇ ಅಂಟಿಹೋಗಿತ್ತು. ಅದನ್ನು ಬಿಡಿಸುವುದಕ್ಕೆ ಅರ್ಧ ದಿನ ಹಿಡಿಯಿತು. ಹುಡುಗಿ ಹಾಸಿದ ಬಟ್ಟೆಯ ಮೇಲೆ ಗುಂಡುಗಳನ್ನು ಎಣಿಸಿದಳು. ಮೇಲೆ 25, ಕೆಳಗೆ 23. ಕೆಳಗಿನ ಎರಡು ಗುಂಡುಗಳು ಒಡೆದು ಹುಡಿಯಾಗಿ ಗ್ರೀಸಿನೊಂದಿಗೆ ಕಪ್ಪು ಮೆತ್ತೆಯಾಗಿದ್ದವು. ಅವುಗಳ ಚೂರನ್ನು ಅವಳು ಕಾಗದದಲ್ಲಿ ಕಟ್ಟಿ, ವಿಜ್ಞಾನದ ಟೀಚರಿಗೆ ತೋರಿಸಲೆಂದು ಒಯ್ದಿದ್ದಾಳೆ.